ನಡುಪಟ್ಟಿಯ ಹುಳ

ಕಲ್ಕತ್ತದಿಂದ ಕಾಗದ ಬಂದದ್ದು 1979ರ ಜೂನ್ ಎರಡನೇ ವಾರದಲ್ಲಿ. ಮರುಳಸಿದ್ದಮ್ಮ ಅದಕ್ಕಾಗಿ ಎರಡು ವರ್ಷ ಕಾದಿದ್ದಳು.

ಹೊಸಪೇಟೆಯ ಕಾಲೇಜಿನಲ್ಲಿ ಅವಳು ಹದಿನಾರು ವರ್ಷದಿಂದ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಳು. ವಯಸ್ಸು ನಲವತ್ತನಾಲ್ಕು. ಮದುವೆಯಾಗಿರಲಿಲ್ಲ. ಅಣ್ಣಂದಿರದು ಕಂಪ್ಲಿಯಲ್ಲಿ ಅಕ್ಕಿ ಗಿರಣಿ. ಕಾಲುವೆ ನೀರು ಬಂದ ಮೇಲೆ ಗಿರಣಿ ಒಂದಿದ್ದದ್ದು ಮೂರಾಗಿತ್ತು. ಹಬ್ಬಕ್ಕೆ ಹೋದರೆ ಅತ್ತಿಗೆಯಂದಿರು, 'ಇನ್ನೂ ಆ ಹುಳಾನೇ ಆರಿಸ್ತೀರೇನ್ರಿ' ಎಂದು ಕೇಳುತ್ತಿದ್ದರು. ಅವಳು ಹೌದು ಎನ್ನುತ್ತಿದ್ದಳು, ಅವರು ಹೋಳಿಗೆ ಬಡಿಸುತ್ತಿದ್ದರು. ಅಲ್ಲಿಗೆ ಆ ಮಾತು ಮುಗಿಯುತ್ತಿತ್ತು.

ಕಾಗದ ಬರೆದವರು ನೆಲದ ಬಸವನಹುಳುಗಳ ವರ್ಗೀಕರಣದಲ್ಲೇ ಮೂವತ್ತು ವರ್ಷ ಕಳೆದ ವಿದ್ವಾಂಸರು. ಅವಳು ಅವರನ್ನು ಕಂಡವಳಲ್ಲ. ಅವರ ಕೈಬರಹ ಚಿಕ್ಕದಾಗಿ ಒತ್ತೊತ್ತಾಗಿತ್ತು. 'ನೀವು ಕಳಿಸಿದ ಮೂರು ಬಗೆಯ ಚಿಪ್ಪುಗಳನ್ನು ನೋಡಿದೆ. ಚಿಪ್ಪು ನೋಡಿದರೆ ಮೂರೂ ಬೇರೆ ಬೇರೆ ಕುಟುಂಬದವು. ಆದರೆ ಚಿಪ್ಪನ್ನು ನಾನು ನಂಬುವುದಿಲ್ಲ. ಒಂದೇ ಥರ ಬದುಕುವ ಹುಳಗಳು ಸಂಬಂಧವಿಲ್ಲದಿದ್ದರೂ ಒಂದೇ ಥರದ ಚಿಪ್ಪು ಬೆಳೆಸಿಕೊಳ್ಳುತ್ತವೆ, ಸಂಬಂಧವಿದ್ದವು ಬೇರೆ ಬೇರೆ ಥರದ್ದನ್ನು. ಯಾವುದು ಯಾವುದಕ್ಕೆ ಹತ್ತಿರ ಎಂಬುದು ಒಳಗಿನ ಜನನಾಂಗದ ನಳಿಕೆಗಳಲ್ಲಿ ಗೊತ್ತಾಗುತ್ತದೆ. ಸ್ಪಿರಿಟ್‌ನಲ್ಲಿ ಕಾಪಿಟ್ಟ ದೇಹಗಳನ್ನು, ಮುಖ್ಯವಾಗಿ ಗುಡ್ಡದ ನಡುಪಟ್ಟಿಯದನ್ನು, ಆಗಸ್ಟ್ ಮುಗಿಯುವುದರೊಳಗೆ ಕಳಿಸಿ. ಸೆಪ್ಟೆಂಬರ್ ಕೊನೆಗೆ ನಾನು ನಿವೃತ್ತನಾಗುತ್ತೇನೆ. ಆಮೇಲೆ ಇಲ್ಲಿ ಈ ಕೆಲಸ ನೋಡುವವರು ಯಾರೂ ಇಲ್ಲ.'

ಅವಳು ಕಾಗದವನ್ನು ಮೂರು ಸಲ ಓದಿದಳು. ದೇಹಗಳು ಅವಳ ಬಳಿ ಇದ್ದವು. ಪ್ರಯೋಗಶಾಲೆಯ ಹಿಂದಿನ ಕೋಣೆಯ ಬೀರುವಿನಲ್ಲಿ, ಮೇಲಿನ ಅರೆಯಲ್ಲಿ, ಮೂರು ಜಾಡಿಗಳು. ನಡುಪಟ್ಟಿಯ ಜಾಡಿಯಲ್ಲಿ ಹನ್ನೊಂದು ಹುಳ. ಹತ್ತು ಮಳೆಗಾಲದಲ್ಲಿ ಸಿಕ್ಕದ್ದು ಹನ್ನೆರಡು. ಒಂದನ್ನು ಅವಳೇ ಬ್ಲೇಡಿನಿಂದ ಕೊಯ್ಯಲು ಹೋಗಿ ಕೆಡಿಸಿದ್ದಳು. ಕಾಲೇಜಿನ ಹಳೆಯ ಸೂಕ್ಷ್ಮದರ್ಶಕದಲ್ಲಿ ಕೂದಲೆಳೆಯಂಥ ಆ ನಳಿಕೆಗಳು ಕಾಣುತ್ತಿರಲಿಲ್ಲ. ಪಳಗಿದ ಕೈ ಸಿಗುವವರೆಗೆ ಉಳಿದವನ್ನು ಮುಟ್ಟುವುದಿಲ್ಲ ಎಂದು ಆವತ್ತೇ ನಿಶ್ಚಯಿಸಿದ್ದಳು.

ಬೀರು ತೆಗೆದು ಜಾಡಿ ಇಳಿಸಿದಳು. ಬೆಳಕಿಗೆ ಹಿಡಿದಾಗ ಒಳಗಿನ ನೀರು ಕದಡಿದಂತೆ ಕಂಡಿತು. ಮುಚ್ಚಳ ತಿರುವಿದೊಡನೆ ಮೂಗಿಗೆ ಬಂದದ್ದು ಸ್ಪಿರಿಟ್ಟಿನ ವಾಸನೆಯಲ್ಲ. ಕೆರೆ ಬತ್ತಿದಾಗ ಸತ್ತ ಮೀನಿನಿಂದ ಬರುವ ವಾಸನೆ. ಚಿಮಟದಿಂದ ಒಂದು ಹುಳವನ್ನು ಎತ್ತಲು ಹೋದಳು. ಅದು ಚಿಮಟಕ್ಕೆ ಸಿಗದೆ ಲೋಳೆಯಾಗಿ ಜಾರಿತು. ಇನ್ನೊಂದು, ಮತ್ತೊಂದು. ಹನ್ನೊಂದೂ ಹಾಗೆಯೇ. ತಳದಲ್ಲಿ ಹನ್ನೊಂದು ತೆಳು ಚಿಪ್ಪುಗಳು ಮಾತ್ರ ಉಳಿದಿದ್ದವು.

ಅವಳು ಬೆರಳ ತುದಿಯನ್ನು ನೀರಿಗೆ ಅದ್ದಿ ನಾಲಗೆಗೆ ಹಚ್ಚಿಕೊಂಡಳು. ಬರೀ ನೀರು.

ಆ ಬೀರುವಿಗೆ ಎರಡು ಬೀಗದ ಕೈ. ಒಂದು ಅವಳ ಬಳಿ. ಇನ್ನೊಂದು ಅಟೆಂಡರ್ ಓಬಳೇಶನ ಬಳಿ.

ಓಬಳೇಶ ಬಂಡ್ರಿಯವನು, ಅವಳಿಗಿಂತ ಐದಾರು ವರ್ಷ ದೊಡ್ಡವನು. ಕಾಲೇಜಿಗೆ ಸೇರುವ ಮುಂಚೆ ಸಂಡೂರಿನ ಗುಡ್ಡಗಳಲ್ಲಿ ಸೌದೆ ಕಡಿದು ಬೆಳೆದವನು. ಈ ಹುಳವನ್ನು ಮೊದಲು ಕಂಡವನೂ ಅವನೇ. ಹತ್ತು ವರ್ಷದ ಹಿಂದೆ ಒಂದು ಸೋಮವಾರ ಊರಿಂದ ಬರುವಾಗ ಮುತ್ತುಗದ ಎಲೆಯಲ್ಲಿ ಸುತ್ತಿ ತಂದು, 'ಅಮ್ಮಾರ, ಇದಕ್ಕ ಮನಿ ಸಾಲಂಗಿಲ್ಲ ನೋಡ್ರಿ, ಹೊರಗ ಬಿದ್ದೈತಿ' ಎಂದು ಮೇಜಿನ ಮೇಲೆ ಇಟ್ಟಿದ್ದ. ಉಗುರಿನಷ್ಟು ಚಿಪ್ಪು, ಅದರೊಳಗೆ ಹಿಡಿಸದ ಮೈ. ಬಸವನಹುಳು ಅನ್ನುವಂತಿಲ್ಲ, ಚಿಪ್ಪೇ ಇಲ್ಲದ ಸಿಂಬಳದ ಹುಳು ಅನ್ನುವಂತೆಯೂ ಇಲ್ಲ. ಅವತ್ತಿನಿಂದ ಅವಳ ಭಾನುವಾರಗಳೆಲ್ಲ ಬಂಡ್ರಿಯ ಹಿಂದಿನ ಕರೆಮ್ಮನ ಗುಡ್ಡದಲ್ಲಿ ಕಳೆದಿದ್ದವು. ಗುಡ್ಡದ ಬುಡದಲ್ಲಿ ಸುಣ್ಣಕಲ್ಲಿನ ನೆಲ. ಅಲ್ಲಿನ ಹುಳಕ್ಕೆ ದಪ್ಪನೆಯ ದುಂಡು ಚಿಪ್ಪು. ನೆತ್ತಿಯಲ್ಲಿ ಅದಿರಿನ ಕೆಂಪು ಮಣ್ಣು, ಸುಣ್ಣದ ಅಂಶ ಇಲ್ಲವೇ ಇಲ್ಲ. ಅಲ್ಲಿನದು ಬೆನ್ನ ಮೇಲೆ ಅಕ್ಕಿಕಾಳಿನಷ್ಟು ಚಿಪ್ಪಿನ ಚೂರು ಹೊತ್ತು ಬರಿಮೈಯಲ್ಲಿ ಹರಿಯುವ ಹುಳು. ಎರಡರ ನಡುವೆ, ಕರೆಮ್ಮನ ಹಳ್ಳದ ಇಕ್ಕೆಲದ ಕಿರಿದಾದ ಪಟ್ಟಿಯಲ್ಲಿ ಮಾತ್ರ ಓಬಳೇಶ ತಂದ ಈ ಮೂರನೆಯದು. ಮೂರೂ ಒಂದೇ ವಂಶದವು, ಗುಡ್ಡ ಹತ್ತುತ್ತ ಹತ್ತುತ್ತ ತಲೆಮಾರಿನಿಂದ ತಲೆಮಾರಿಗೆ ಚಿಪ್ಪು ಕಳಚಿಕೊಂಡವು ಎಂದು ಅವಳು ನಂಬಿದ್ದಳು. ತೋರಿಸುವುದಕ್ಕೆ ನಡುವಿನದು ಬೇಕಿತ್ತು.

ಓಬಳೇಶ ಬಾಗಿಲಲ್ಲಿ ಬಂದು ನಿಂತ. ಮೇಜಿನ ಮೇಲೆ ತೆರೆದ ಜಾಡಿ ನೋಡಿದ. ಒಳಗೆ ಬರಲಿಲ್ಲ.

"ಇದರಾಗ ನೀರು ಹಾಕಿದವರು ಯಾರು?" ಎಂದಳು.

"ನಾನs ರಿ."

"ಸ್ಪಿರಿಟ್ ಏನಾತು?"

ಅವನು ನೆಲ ನೋಡಿದ. "ಕುಡ್ದೆ."

"ಸ್ಪಿರಿಟ್ ಡಬ್ಬಿಯೊಳಗಿಂದು ಬಿಟ್ಟು ಹುಳದ್ದು ಕುಡಿದಿಯಾ?"

"ಡಬ್ಬಿಗೆ ಲೆಕ್ಕ ಐತ್ರಿ. ಪ್ರಿನ್ಸಿಪಾಲರು ಬೀಗ ಹಾಕಿಸ್ಯಾರ. ಇದನ್ನ ಯಾರೂ ಅಳೆಯಂಗಿಲ್ಲ. ಮೊದ್ಲು ಒಂದು ಗುಟುಕು ತಗೊಂಡು ಅಷ್ಟ ನೀರು ಹಾಕ್ತಿದ್ದೆ. ಏನೂ ಆಗಂಗಿಲ್ಲ ಅಂದ್ಕೊಂಡಿದ್ದೆ."

"ಯಾಕ ಓಬಳೇಶ?"

"ಕಾರಣ ಏನ್ ಹೇಳ್ಲಿ. ಏನೂ ಇಲ್ರಿ. ಮುಂಜಾನೆ ಕೈ ನಡಗ್ತಿದ್ವು."

ಅವಳಿಗೆ ಅವನ ಮೇಲೆ ಕೂಗಾಡಬೇಕು ಅನ್ನಿಸಲಿಲ್ಲ. ಸ್ಟೂಲಿನ ಮೇಲೆ ಕುಳಿತಳು. ಇನ್ನೆರಡು ಜಾಡಿ ತೆಗೆದು ನೋಡಿದಳು, ಅವೂ ಕೊಳೆತಿದ್ದವು. ಬುಡದ ಹುಳ, ನೆತ್ತಿಯ ಹುಳ ಮಳೆ ಬಿದ್ದರೆ ಬೇಕಾದಷ್ಟು ಸಿಗುತ್ತವೆ. ನಡುವಿನದು ಎಲ್ಲಿ ಸಿಗಬೇಕು? ಹೋದ ಚಳಿಗಾಲದಲ್ಲಿ ಒಂದು ಖಾಸಗಿ ಗಣಿಯವರು ಕರೆಮ್ಮನ ಗುಡ್ಡವನ್ನು ಹಿಡಿದಿದ್ದರು. ನಡುಗುಡ್ಡದಲ್ಲೇ ಲಾರಿ ರಸ್ತೆ ಕಡಿದಿದ್ದರು.

ಅವತ್ತು ಸಂಜೆ ಅವಳು ಮಾಡಿದ ಕೆಲಸವನ್ನು ಮುಂದೆ ಎಷ್ಟೋ ವರ್ಷ ತನ್ನಿಂದಲೇ ಮುಚ್ಚಿಡಲು ನೋಡಿದಳು, ಆಗಲಿಲ್ಲ. ಪ್ರಿನ್ಸಿಪಾಲ್ ದೊಡ್ಡಬಸಪ್ಪನವರ ಹೆಸರಿಗೆ ಒಂದು ದೂರು ಬರೆದಳು: ಅಟೆಂಡರ್ ಓಬಳೇಶ ಪ್ರಯೋಗಶಾಲೆಯ ಸ್ಪಿರಿಟ್ ಕುಡಿದು ಸಂಗ್ರಹ ನಾಶಮಾಡಿದ್ದಾನೆ ಎಂದು. ಸಹಿ ಹಾಕಿದಳು. ಓಬಳೇಶನನ್ನು ಕರೆದು ಅದನ್ನು ಓದಿ ಹೇಳಿದಳು.

"ಇದನ್ನ ಕೊಟ್ರ ನಿನ್ನ ಕೆಲಸ ಹೋಗ್ತದ," ಎಂದಳು. "ಕೊಡೋದಿಲ್ಲ. ಆಗಸ್ಟ್ ಒಳಗ ನನಗ ನಡುಪಟ್ಟಿ ಹುಳ ತಂದುಕೊಡು. ಒಂದs ಸಿಕ್ರೂ ಸಾಕು. ಆವತ್ತು ನಿನ್ನ ಮುಂದ ಹರಿದು ಹಾಕ್ತೀನಿ."

"ಹೂನ್ರಿ," ಎಂದ ಓಬಳೇಶ. ಅಷ್ಟೇ.

ಮೂರು ಭಾನುವಾರ ಇಬ್ಬರೂ ಸೇರಿ ಹೋದರು. ಮೊದಲ ಬಸ್ಸಿಗೆ ಸಂಡೂರು, ಅಲ್ಲಿಂದ ಬಂಡ್ರಿ, ಆಮೇಲೆ ನಡಿಗೆ. ಬುಡದಲ್ಲಿ ದುಂಡು ಚಿಪ್ಪಿನವು ಮೊದಲ ದಿನವೇ ಸಿಕ್ಕವು. ನೆತ್ತಿಯವು ಎರಡನೇ ವಾರ. ಹಳ್ಳದ ದಂಡೆಯಲ್ಲಿ ಮಾತ್ರ ಏನೂ ಇಲ್ಲ. ಹಳ್ಳವೇ ಮೊದಲಿನಂತೆ ಇರಲಿಲ್ಲ. ಒಂದು ಬದಿಯನ್ನು ಯಂತ್ರ ಕೊರೆದು ಮೆಟ್ಟಿಲು ಮಾಡಿತ್ತು. ಇನ್ನೊಂದು ಬದಿಯಲ್ಲಿ ಮೇಲಿಂದ ಸುರಿದ ಮಣ್ಣು ಕಲ್ಲಿನ ರಾಶಿ ಮನೆಯೆತ್ತರ ನಿಂತಿತ್ತು. ನಡುವೆ ಉಳಿದದ್ದು ಇಪ್ಪತ್ತು ಮಾರು ಉದ್ದದ ಹಸಿರು. ಅಲ್ಲಿಗೂ ಹೋಗಬಾರದೆಂದು ಕಾವಲುಗಾರ ಕೋಲು ಹಿಡಿದು ನಿಂತಿರುತ್ತಿದ್ದ. ಮದ್ದು ಹಾರಿಸುವ ಹೊತ್ತಿಗೆ ಶಿಳ್ಳೆ ಊದುತ್ತಿದ್ದರು, ಗುಡ್ಡವೆಲ್ಲ ಒಂದು ಸಲ ನಡುಗುತ್ತಿತ್ತು. ಲಂಟಾನದ ಎಲೆ ಮೇಲೆ ಬೆರಳಿನಿಂದ ಗೆರೆ ಎಳೆಯುವಷ್ಟು ಕೆಂಪು ಧೂಳು.

ಮರುಳಸಿದ್ದಮ್ಮ ಮೊಣಕಾಲೂರಿ ಎಲೆಗೊಬ್ಬರ ಕೆದಕಿದಳು. ಕಲ್ಲು ಮಗುಚಿದಳು. ಉಗುರು ಸಂದಿಯಲ್ಲಿ ರಕ್ತ ಬಂತು. ಓಬಳೇಶ ಅವಳ ಹಿಂದೆ ಅವಳು ಮಗುಚಿದ ಕಲ್ಲುಗಳನ್ನು ಇದ್ದಂತೆಯೇ ಇಡುತ್ತ ಬಂದ. ಹತ್ತು ವರ್ಷದ ಹಿಂದೆ ಅವಳೇ ಅವನಿಗೆ ಹಾಗೆ ಕಲಿಸಿದ್ದಳು. ಆ ದಿನ ಅದನ್ನು ಕಂಡು ಅವಳಿಗೆ ಸಿಟ್ಟು ಬಂತು.

"ಬಿಡು ಅತ್ಲಾಗ. ನಾಳೆ ಅದರ ಮ್ಯಾಲೆ ಮಣ್ಣು ಸುರೀತಾರ."

"ಇರ್ಲಿ ಬಿಡ್ರಿ," ಎಂದು ಅವನು ಇಡುತ್ತಲೇ ಹೋದ.

ಕುಡಿಯುವುದನ್ನು ಅವನು ಬಿಟ್ಟಿದ್ದ. ಬಸ್ಸಿನಲ್ಲಿ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಕುಳಿತಿರುತ್ತಿದ್ದ. ಅವಳು ನೋಡಿದಳು, ಮಾತಾಡಿಸಲಿಲ್ಲ.

ನಾಲ್ಕನೇ ಭಾನುವಾರ ಅವಳಿಗೆ ಜ್ವರ. ಸೋಮವಾರ ಕಾಲೇಜಿಗೆ ಬಂದವಳೇ ಓಬಳೇಶನನ್ನು ಕರೆದಳು. ಜುಲೈ ಹದಿನಾರು. ಜ್ವರದ ಬಾಯಿಯೋ, ದಿನಗಳು ಜಾರುತ್ತಿದ್ದ ಭಯವೋ, ಅವಳು ಹೇಳಿದ ಮಾತು ಇದು: "ಇನ್ನೊಂದು ವಾರ ನೋಡ್ತೀನಿ. ಆಮೇಲೆ ಆ ಕಾಗದ ತಗೊಂಡು ಸೀದಾ ಪ್ರಿನ್ಸಿಪಾಲರ ರೂಮಿಗೆ ಹೋಗ್ತೀನಿ."

ಬುಧವಾರ ಓಬಳೇಶ ಕೆಲಸಕ್ಕೆ ಬರಲಿಲ್ಲ. ರಜೆ ಚೀಟಿಯನ್ನೂ ಕೊಟ್ಟಿರಲಿಲ್ಲ. ಅವತ್ತು ಬೆಳಗಿನಿಂದ ಒಂದೇ ಸಮ ಮಳೆ ಹಿಡಿದಿತ್ತು. ಕಾಲುವೆ ತುಂಬಿ ಹರಿಯುವುದನ್ನು ಹುಡುಗರು ಕಿಟಕಿಯಿಂದ ನೋಡುತ್ತಿದ್ದರು. ಮರುಳಸಿದ್ದಮ್ಮನಿಗೆ ಒಂದು ಕ್ಷಣ ಖುಷಿಯಾಯಿತು. ಇಂಥ ಮಳೆಗೇ ಹುಳ ಹೊರಗೆ ಬರುವುದು.

ಗುರುವಾರ ಮಧ್ಯಾಹ್ನ ಸುದ್ದಿ ಬಂತು. ನೆನೆದ ಮಣ್ಣಿನ ರಾಶಿ ಹಳ್ಳದ ಕಡೆ ಕುಸಿದಿತ್ತು. ಮಳೆಗೆ ಗಣಿ ಕೆಲಸ ನಿಂತದ್ದರಿಂದ ಆ ಕಡೆ ಕಾವಲು ಇರಲಿಲ್ಲ. ಕೂಗು ಕೇಳಿ ಬಂದ ಕೂಲಿಯವರು ಕೈಯಲ್ಲೇ ಮಣ್ಣು ತೋಡಿ ಓಬಳೇಶನನ್ನು ತೆಗೆದಿದ್ದರು. ಬಲಗಾಲಿನ ಮೇಲೆ ಬಂಡೆ ಕೂತಿತ್ತಂತೆ. ಲಾರಿಯಲ್ಲಿ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಒಯ್ದಿದ್ದರು.

ಅವಳು ಹೋಗುವಷ್ಟರಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದಾಗಿತ್ತು. ಓಬಳೇಶ ಎಚ್ಚರವಿಲ್ಲದೆ ಮಲಗಿದ್ದ. ಅವನ ಹೆಂಡತಿ ಭೀಮಮ್ಮ ಮಂಚದ ಪಕ್ಕ ನೆಲದ ಮೇಲೆ ಕುಳಿತಿದ್ದಳು. ಅವಳೂ ಗಣಿಯಲ್ಲಿ ಅದಿರು ಒಡೆಯುವ ಕೂಲಿ. ಸೀರೆಯ ಅಂಚಿನಲ್ಲಿ, ಕಾಲ ಹಿಮ್ಮಡಿಯ ಬಿರುಕಿನಲ್ಲಿ ಕೆಂಪು ಕೂತಿತ್ತು. ಮರುಳಸಿದ್ದಮ್ಮನನ್ನು ನೋಡಿ ಎದ್ದು ನಿಲ್ಲಲಿಲ್ಲ. ಮಡಿಲಿನಿಂದ ತಗಡಿನ ತಂಬಾಕು ಡಬ್ಬಿಯೊಂದನ್ನು ತೆಗೆದು ಚಾಚಿದಳು.

"ಇದು ನಿಮ್ಮದಂತ್ರಿ. ಅಂಗಿಯೊಳಗ ಇತ್ತು. ಎಚ್ಚರ ಇರೋತನ ಅದೊಂದs ಹೇಳ್ತಿದ್ರು, ಅಮ್ಮಾರಿಗೆ ಕೊಡು, ಬಿಸಿಲಿಗೆ ಇಡಬ್ಯಾಡ ಅಂತ."

ಮುಚ್ಚಳದಲ್ಲಿ ಮೊಳೆಯಿಂದ ಹೊಡೆದ ತೂತುಗಳಿದ್ದವು. ಒಳಗೆ ಒದ್ದೆ ಬಟ್ಟೆ, ಎಲೆ. ಮೂರು ಹುಳ. ಒಂದು ಜಜ್ಜಿಹೋಗಿತ್ತು. ಎರಡು, ಡಬ್ಬಿ ತೆರೆದ ಬೆಳಕಿಗೆ, ನಿಧಾನವಾಗಿ ಕೊಂಬು ಚಾಚಿದವು. ಮೈಗೆ ಸಾಲದ ಚಿಪ್ಪು ಬೆನ್ನ ಮೇಲೆ ಹೊಳೆಯುತ್ತಿತ್ತು.

ಆ ಕ್ಷಣದಲ್ಲಿ ಎದೆಯಲ್ಲಿ ಎದ್ದದ್ದು ಸಂತೋಷ ಎಂದು ಮರುಳಸಿದ್ದಮ್ಮನಿಗೆ ಗೊತ್ತಾಯಿತು. ಮಂಚದ ಮೇಲೆ ಅವನು, ಪಕ್ಕದಲ್ಲಿ ಇವಳು, ತನಗೆ ಸಂತೋಷ. ಡಬ್ಬಿ ಮುಚ್ಚಿದಳು.

"ಏನೈತ್ರಿ ಆ ಹುಳದಾಗ?" ಭೀಮಮ್ಮ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿಯಬೇಕೆಂದೇ ಕೇಳಿದ್ದಳು.

ಮರುಳಸಿದ್ದಮ್ಮ ಅವಳೆದುರು ನೆಲದ ಮೇಲೇ ಕುಳಿತಳು. ಹದಿನಾರು ವರ್ಷ ಪಾಠ ಮಾಡಿದವಳಿಗೆ ಎಲ್ಲಿಂದ ಸುರು ಮಾಡಬೇಕೆಂದು ತಿಳಿಯಲಿಲ್ಲ.

"ಇವು ಮೊದಲು ಸಮುದ್ರದಾಗ ಇದ್ವು, ಭೀಮಮ್ಮ. ಮೀನಿನ್ಹಂಗ ನೀರೊಳಗ ಉಸಿರಾಡ್ತಿದ್ವು. ಕೋಟಿಗಟ್ಟಲೆ ವರ್ಷದ ಹಿಂದ ಕೆಲವು ನೆಲಕ್ಕ ಬಂದ್ವು. ಗಾಳಿ ಕುಡಿಯೋಕೆ ಪುಪ್ಪುಸ ಬಂತು. ಚಿಪ್ಪು ಮಾತ್ರ ಬಿಡ್ಲಿಲ್ಲ, ಹೊತ್ತುಕೊಂಡು ಬಂದ್ವು. ಚಿಪ್ಪಿಗೆ ಸುಣ್ಣ ಬೇಕು. ಸುಣ್ಣ ಸಿಗದಿದ್ದ ಕಡೆ ಚಿಪ್ಪು ಸಣ್ಣದಾಗ್ತಾ ಹೋತು, ಕಡೀಗೆ ಮಾಯಾತು. ಒಂದು ಸಲ ಅಲ್ಲ, ಒಂದು ದೇಶದಾಗ ಅಲ್ಲ. ಎಷ್ಟೋ ಕಡೆ, ಒಂದಕ್ಕೊಂದು ಸಂಬಂಧ ಇಲ್ದೆ. ಅದಕ್ಕ ಚಿಪ್ಪಿಲ್ಲದ ಹುಳ ಎಲ್ಲಾ ಒಂದs ಕುಲ ಅಲ್ಲ. ಒಂದೊಂದಕ್ಕ ಒಂದೊಂದು ಮುತ್ತಜ್ಜ."

ಭೀಮಮ್ಮ ಕೇಳುತ್ತಿದ್ದಳು.

"ಸುರು ಗೊತ್ತೈತಿ, ಕಡೀದು ಗೊತ್ತೈತಿ. ನಡುವ ಹೆಂಗ ಆತು ಅನ್ನೋದು ಒಂದs ಜಾಗದಾಗ ನೋಡಾಕ ಸಿಗೋದು ಭಾಳ ಅಪರೂಪ. ನಿಮ್ಮೂರ ಗುಡ್ಡದಾಗ ಸಿಗ್ತಿತ್ತು. ಬುಡ, ನಡು, ನೆತ್ತಿ."

"ಅದನ್ನ ತಿಳ್ಕೊಂಡ್ರ ಏನಾಕ್ಕೈತ್ರಿ?"

"ತಿಳಿದಂಗ ಆಕ್ಕೈತಿ. ಅಷ್ಟ."

ಭೀಮಮ್ಮ ಗಂಡನ ಕಡೆ ನೋಡಿದಳು. ಹೊದಿಕೆ ಒಂದು ಕಡೆ ಚಪ್ಪಟೆಯಾಗಿತ್ತು. "ಅವ್ರಿಗೂ ಅದs ಆಗಿತ್ರಿ. ಮನ್ಯಾಗ ಕುಂತು ನನಗ ಹೇಳ್ತಿದ್ರು, ಕೆಳಗಿಂದು ಮಾಳಿಗಿ ಹುಳ, ನಡುವಿಂದು ಗುಡಿಸಲ ಹುಳ, ಮ್ಯಾಲಿಂದು ಬಯಲ ಹುಳ ಅಂತ. ನಾ ನಗ್ತಿದ್ದೆ." ಹೊದಿಕೆ ಸರಿಪಡಿಸಿ ಕೇಳಿದಳು: "ಬುಧವಾರ ಯಾಕ ಹೋದ್ರು ಅಂತ ಗೊತ್ತೇನ್ರಿ ನಿಮಗ? ಮಳಿ ನಿಲ್ಲಲಿ ಅಂತ ಕೈ ಹಿಡ್ದೆ. ಕೆಲಸ ಹೊಕ್ಕೈತಿ ಬಿಡು ಅಂದ್ರು."

ಮರುಳಸಿದ್ದಮ್ಮ ಗೊತ್ತು ಅನ್ನಲಿಲ್ಲ, ಗೊತ್ತಿಲ್ಲ ಅನ್ನಲೂ ಇಲ್ಲ. ಡಬ್ಬಿ ಸೆರಗಿನಲ್ಲಿ ಸುತ್ತಿಕೊಂಡು ಎದ್ದು ಬಂದಳು.

ಹೊಸಪೇಟೆಗೆ ಬಂದು ಹುಳಗಳನ್ನು ಅಳೆದಳು. ಚಿಪ್ಪಿನ ಅಗಲ ಹಳೆಯವುಗಳ ಅರ್ಧದಷ್ಟಿತ್ತು. ಎಳೆಯವು. ಎಳೆಯ ಹುಳದಲ್ಲಿ ಜನನಾಂಗ ಬಲಿತಿರುವುದಿಲ್ಲ. ಈಗ ಕಳಿಸಿದರೆ ಕಲ್ಕತ್ತದವರು ಕೊಯ್ದು ನೋಡಿ ಏನೂ ಹೇಳಲಾರರು. ಬೆಳೆಸಬೇಕು. ಆರು ವಾರವಿಲ್ಲ.

ಆಮೇಲಿನ ದಿನಗಳಲ್ಲಿ ಅವಳು ಹುಳಗಳ ಹೊರತು ಬೇರೆ ಏನನ್ನೂ ಕಾಣಲಿಲ್ಲ. ಮಣ್ಣಿನ ಮಡಕೆಗೆ ಹಳ್ಳದ ಕಡೆಯ ಎಲೆಗೊಬ್ಬರ ತುಂಬಿ, ಬಾಯಿಗೆ ತೆಳುಬಟ್ಟೆ ಕಟ್ಟಿ, ಮನೆಯ ಬಚ್ಚಲ ಪಕ್ಕದ ತಂಪಿನಲ್ಲಿಟ್ಟಳು. ದಿನಕ್ಕೆ ನಾಲ್ಕು ಸಲ ನೀರು ಚಿಮುಕಿಸಿದಳು. ಸೌತೆಕಾಯಿ, ಕೊಳೆತ ಎಲೆ, ಪಾಚಿ ಹತ್ತಿದ ತೊಗಟೆ. ಎರಡು ತರಗತಿಗಳ ನಡುವೆ ಮನೆಗೆ ಓಡಿಬಂದು ಬಟ್ಟೆ ಸರಿಸಿ ನೋಡುತ್ತಿದ್ದಳು. ಇರುವೆ ಬರದಂತೆ ಮಡಕೆಯನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸಿದಳು. ಚಿಪ್ಪಿನ ಅಂಚಿಗೆ ಹೊಸ ಪೊರೆ ಮೂಡುತ್ತಿತ್ತು, ಕೂದಲೆಳೆಯಷ್ಟು. ಒಂದು ಬೆಳಿಗ್ಗೆ ಎರಡೂ ಒಂದಕ್ಕೊಂದು ಸುತ್ತಿಕೊಂಡಿದ್ದವು. ಈ ಹುಳಗಳಲ್ಲಿ ಗಂಡು ಹೆಣ್ಣು ಬೇರೆಯಿಲ್ಲ, ಪ್ರತಿಯೊಂದರಲ್ಲೂ ಎರಡೂ ಇರುತ್ತದೆ. ಕೂಡಿದವು ಎಂದರೆ ಬಲಿಯುತ್ತಿವೆ ಎಂದು ಅರ್ಥ. ಅವಳು ಬಾಗಿಲಿಗೆ ಒರಗಿ ಅತ್ತಳು. ಯಾಕೆಂದು ಅವಳಿಗೇ ಸರಿಯಾಗಿ ತಿಳಿಯಲಿಲ್ಲ.

ಆಗಸ್ಟ್ ಮೊದಲ ವಾರ ಪ್ರಿನ್ಸಿಪಾಲ್ ದೊಡ್ಡಬಸಪ್ಪ ಅವಳನ್ನು ಕರೆಸಿದರು. ಮೆತ್ತನೆಯ ಮನುಷ್ಯ, ಮಾತು ಮಾತ್ರ ಖಂಡಿತ.

"ಓಬಳೇಶನ ವರದಿ ಬರಿಬೇಕಾಗೇದ್ರಿ ಮೇಡಂ. ಬುಧವಾರ, ಕೆಲಸದ ದಿನ. ರಜಾ ಇಲ್ಲದೆ ಹೋಗ್ಯಾನ, ಹೋಗಬಾರದ ಜಾಗಕ್ಕ ಹೋಗ್ಯಾನ. ಹಂಗs ಬರೆದ್ರ ಅವನಿಗೆ ಪರಿಹಾರನೂ ಇಲ್ಲ, ಕೆಲಸನೂ ಉಳಿಯಂಗಿಲ್ಲ. ನಿಮಗೇನಾದ್ರೂ ಗೊತ್ತೈತೇನು?"

ಅವಳ ಕೈಚೀಲದಲ್ಲಿ ಆ ದೂರು ಇತ್ತು. ಹರಿದು ಹಾಕಿರಲಿಲ್ಲ. ಹರಿಯುವ ಧೈರ್ಯವಿರಲಿಲ್ಲ, ಇಟ್ಟುಕೊಳ್ಳುವ ಧೈರ್ಯವೂ ಇರಲಿಲ್ಲ.

"ನಾನೇ ಕಳಿಸಿದ್ದೆ," ಎಂದಳು. "ಡಿಪಾರ್ಟ್‌ಮೆಂಟಿನ ಕೆಲಸದ ಮ್ಯಾಲೆ. ಹೋಗಲೇಬೇಕು ಅಂತ ನಾನೇ ಹೇಳಿದ್ದು."

ದೊಡ್ಡಬಸಪ್ಪ ಕನ್ನಡಕ ತೆಗೆದರು. "ಬರವಣಿಗೆಯಾಗ ಕೊಟ್ರ ವಿಚಾರಣೆ ನಿಮ್ಮ ಮ್ಯಾಲೆ ಬರ್ತದ. ಅಪಾಯದ ಜಾಗಕ್ಕ ಅಟೆಂಡರನ್ನ ಒಬ್ಬನ್ನೇ ಕಳಿಸಿದಿರಿ ಅಂತ."

"ಅದು ಖರೇನs ಐತ್ರಿ."

ಅಲ್ಲಿಯೇ ಕುಳಿತು ಬರೆದು ಸಹಿ ಹಾಕಿದಳು. ಸ್ಪಿರಿಟ್ಟಿನ ವಿಷಯ ಬರೆಯಲಿಲ್ಲ. ಹೊರಗೆ ಬಂದು ಹಳೆಯ ದೂರನ್ನು ಚೂರು ಚೂರು ಮಾಡಿದಳು. ಮನಸ್ಸು ಹಗುರಾಗುತ್ತದೆ ಅಂದುಕೊಂಡಿದ್ದಳು. ಆಗಲಿಲ್ಲ.

ಹನ್ನೆರಡನೇ ತಾರೀಖು ಒಂದು ಹುಳ ಸತ್ತಿತು. ಕಾಲೇಜಿನಿಂದ ಬರುವಷ್ಟರಲ್ಲಿ ಮೈ ಕರಗಿ ಚಿಪ್ಪು ಪಕ್ಕಕ್ಕೆ ಬಿದ್ದಿತ್ತು. ಉಳಿದದ್ದು ಒಂದು. ಅವಳು ಕಾಲೇಜಿಗೆ ರಜೆ ಹಾಕಿ ಮಡಕೆಯ ಪಕ್ಕವೇ ಚಾಪೆ ಹಾಕಿಕೊಂಡಳು. ಹತ್ತೊಂಬತ್ತನೇ ತಾರೀಖು ಭಾನುವಾರ, ಎಲೆ ಎತ್ತಿ ನೋಡಿದರೆ ಮಣ್ಣಿನ ಗುಳಿಯಲ್ಲಿ ಒಂಬತ್ತು ಮೊಟ್ಟೆ. ಸಬ್ಬಕ್ಕಿಯಂತೆ ಪಾರದರ್ಶಕ.

ಹುಳ ಬಲಿತಿತ್ತು. ಇನ್ನು ಕಾಯುವ ಕಾರಣವಿರಲಿಲ್ಲ. ಕಳಿಸಬೇಕೆಂದರೆ ಕೊಲ್ಲಬೇಕು. ಅದಕ್ಕೊಂದು ಕ್ರಮವಿದೆ: ಕುದಿಸಿ ಆರಿಸಿದ ನೀರಿನಲ್ಲಿ ಗಾಳಿ ಇರುವುದಿಲ್ಲ, ಬಾಟಲಿಗೆ ಆ ನೀರನ್ನು ಬಾಯಿತನಕ ತುಂಬಿ ಹುಳವನ್ನು ಮುಳುಗಿಸಿ ಮುಚ್ಚಬೇಕು. ಉಸಿರು ಸಿಗದೆ ಅದು ಮೈಯನ್ನು ಪೂರ್ತಿ ಹೊರಚಾಚಿ ಸಾಯುತ್ತದೆ. ಮುದುಡಿ ಸತ್ತರೆ ಒಳಗಿನದು ನೋಡಲಾಗುವುದಿಲ್ಲ. ಈ ಕ್ರಮವನ್ನು ಅವಳು ನೂರಾರು ಹುಡುಗರಿಗೆ ಕಲಿಸಿದ್ದಳು.

ಹಿಂದಿನ ದಿನವಷ್ಟೇ ಗುಡ್ಡಕ್ಕೆ ಹೋಗಿಬಂದಿದ್ದಳು. ಇಪ್ಪತ್ತು ಮಾರಿನ ಆ ಹಸಿರಿರಲಿಲ್ಲ. ಕುಸಿದ ಮಣ್ಣನ್ನು ಯಂತ್ರ ಮಟ್ಟಮಾಡಿ ಲಾರಿ ತಿರುಗುವ ಜಾಗ ಮಾಡಿತ್ತು. ಬೇರೆಲ್ಲಾದರೂ ಈ ಹುಳ ಉಳಿದಿರಬಹುದು. ಅವಳು ಹತ್ತು ವರ್ಷ ಹುಡುಕಿದ್ದಳು, ಬೇರೆಲ್ಲೂ ಕಂಡಿರಲಿಲ್ಲ.

ನೀರು ಕುದಿಯಿತು, ಆರಿತು. ಬಾಟಲಿ ತುಂಬಿದಳು. ಹುಳವನ್ನು ಅಂಗೈ ಮೇಲೆ ತೆಗೆದುಕೊಂಡಳು. ಅದು ಬೆರಳ ಸಂದಿಗೆ ಹರಿಯಿತು, ತಣ್ಣಗೆ. ಬಿಟ್ಟುಬಿಟ್ಟರೆ? ಒಂಟಿ ಹುಳ ಇನ್ನೊಂದು ವರ್ಷ ಬಾಳೀತು, ಇನ್ನಷ್ಟು ಮೊಟ್ಟೆ ಇಟ್ಟೀತು. ಯಾವ ಮಣ್ಣಿಗೆ? ಆಮೇಲೆ ಸತ್ತರೆ ಯಾರಿಗೂ ತಿಳಿಯದೆ ಸತ್ತಂತೆ. ಓಬಳೇಶನ ಕಾಲು ಅದರ ಜೊತೆಗೆ ಹೋದಂತೆ. ಕೊಂದರೆ, ಇಂಥದೊಂದು ಇತ್ತು ಎಂದು ಎಲ್ಲಾದರೂ ಒಂದು ಸಾಲು ಉಳಿಯುತ್ತದೆ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಅವಳು ಹಾಗೇ ಕುಳಿತಿದ್ದಳು. ನಾಲ್ಕಕ್ಕೆ ಹುಳವನ್ನು ನೀರಿಗೆ ಬಿಟ್ಟು ಮುಚ್ಚಳ ಹಾಕಿದಳು, ಮುಖ ತಿರುಗಿಸಲಿಲ್ಲ. ಅಷ್ಟನ್ನಾದರೂ ನೋಡಬೇಕಾದ ಋಣ ತನ್ನದು ಅನ್ನಿಸಿತ್ತು.

ಮರುದಿನ ಬೆಳಿಗ್ಗೆ ಅದು ಉದ್ದಕ್ಕೆ ಚಾಚಿ ನಿಂತಿತ್ತು, ಕೊಂಬು ಹೊರಗೆ. ಹೊಸ ಸ್ಪಿರಿಟ್ಟಿಗೆ ಹಾಕಿ, ಬುಡದ ಮತ್ತು ನೆತ್ತಿಯ ಹುಳಗಳ ಜೊತೆ ಹತ್ತಿಯಲ್ಲಿ ಸುತ್ತಿ, ರಿಜಿಸ್ಟರ್ಡ್ ಪಾರ್ಸೆಲ್ ಮಾಡಿದಳು.

ಮೊಟ್ಟೆಗಳನ್ನು ಮಡಕೆಯಲ್ಲೇ ಉಳಿಸಿಕೊಂಡಳು. ಎರಡು ವಾರಕ್ಕೆ ನಾಲ್ಕು ಸೊರಗಿದವು. ಸೆಪ್ಟೆಂಬರ್ ನಡುವಿಗೆ ಎಲ್ಲವೂ ಹಳದಿಯಾಗಿ ಚಪ್ಪಟೆಯಾದವು. ಒಂದನ್ನು ಸೂಜಿಯಿಂದ ಒಡೆದು ನೋಡಿದಳು. ಒಳಗೆ ಏನೂ ಆಗಿರಲಿಲ್ಲ.

ಕಲ್ಕತ್ತದ ಉತ್ತರ ಸೆಪ್ಟೆಂಬರ್ ಇಪ್ಪತ್ತೆಂಟಕ್ಕೆ ಬಂತು. ಅದೇ ವಾರ ವಿಚಾರಣೆಯ ತೀರ್ಮಾನವೂ ಬಂದಿತ್ತು: ಓಬಳೇಶನಿಗೆ ಕೆಲಸ ಉಳಿಯಿತು, ಕುಳಿತು ಮಾಡುವಂಥದ್ದು ಕೊಡಬೇಕೆಂದು ಆದೇಶ, ಅವಳಿಗೆ ಬಡ್ತಿ ತಡೆ, ಬೀದರಿಗೆ ವರ್ಗ. ಅವಳು ಕಾಗದ ಹಿಡಿದು ಬಂಡ್ರಿಗೆ ಹೋದಳು.

ಓಬಳೇಶ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ. ಪಕ್ಕದಲ್ಲಿ ಹೊಸ ಊರುಗೋಲು. ಮೈ ಇಳಿದಿತ್ತು, ಕಣ್ಣು ತಿಳಿಯಾಗಿದ್ದವು. ಭೀಮಮ್ಮ ಒಳಗಿಂದ ಒಂದು ಮಣೆ ತಂದಿಟ್ಟು ಬಾಗಿಲಲ್ಲಿ ನಿಂತಳು.

"ಓದ್ರಿ ಅಮ್ಮಾರ," ಎಂದ ಓಬಳೇಶ. ಅವಳು ಇಂಗ್ಲಿಷಿನ ಕಾಗದವನ್ನು ಕನ್ನಡದಲ್ಲಿ ಹೇಳುತ್ತ ಹೋದಳು. ಮೂರರ ಜನನಾಂಗದ ರಚನೆಯೂ ಒಂದೇ ನಮೂನೆಯದು. ಮೂರೂ ಒಂದೇ ಕುಲಕ್ಕೆ ಸೇರಿದವು, ನಿಮ್ಮ ಊಹೆ ಸರಿ. ನಡುವಿನದು ಇದುವರೆಗೆ ಎಲ್ಲೂ ದಾಖಲಾಗದ ಪ್ರಭೇದ ಎಂದು ನನಗೆ ತೋರುತ್ತದೆ. ಆದರೆ ಒಂದೇ ಒಂದು ದೇಹ ನೋಡಿ ನಾನು ಹೆಸರಿಡಲಾರೆ. ಇನ್ನು ಐದಾರು ಸಿಕ್ಕಿದರೆ ನನ್ನ ನಂತರ ಬರುವವರು ಇಟ್ಟಾರು. ಸದ್ಯಕ್ಕೆ ಸಂಖ್ಯೆ ಕೊಟ್ಟು ಹೆಸರಿಲ್ಲದ್ದು ಎಂದು ಬರೆದಿಟ್ಟಿದ್ದೇನೆ.

"ಅಂದ್ರ ಒಂದs ಕುಲ," ಎಂದ ಓಬಳೇಶ. "ನೀವು ಹೇಳಿದ್ದs ಖರೆ ಆತು."

"ಹೂಂ."

"ಇನ್ನ ಐದಾರು ಬೇಕಂತಾರ."

"ಇಲ್ಲ ಓಬಳೇಶ. ಹೋಗಿ ನೋಡಿ ಬಂದೆ. ಆ ಜಾಗ ಇಲ್ಲ."

"ಗೊತ್ರಿ. ಇಲ್ಲಿ ಕುಂತ್ರ ಕೇಳಸ್ತೈತಿ, ಯಾವ ಕಡೆ ಮದ್ದು ಹೊಡಿತಾರ ಅಂತ."

ಮರುಳಸಿದ್ದಮ್ಮ ಬರುವಾಗ ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತು ಕೆಟ್ಟುಹೋಗಿತ್ತು. ಇದ್ದಂತೆ ಹೇಳಿದಳು: "ಭೀಮಮ್ಮ, ಬುಧವಾರ ಇವರು ಹೋಗಿದ್ದು ನನ್ನ ಸಲುವಾಗಿ. ನಾನು ಹೆದರಿಸಿದ್ದೆ. ವಾರದೊಳಗ ಹುಳ ತರದಿದ್ರ ಕೆಲಸ ತೆಗಿಸ್ತೀನಿ ಅಂದಿದ್ದೆ. ಆಸ್ಪತ್ರೆಯೊಳಗ ನೀನು ಕೇಳಿದಾಗ ಹೇಳ್ಲಿಲ್ಲ."

"ನಾ ಮಾಡಿದ್ದಕ್ಕ ಅವರು ಹಂಗ ಅಂದ್ರು," ಎಂದು ಓಬಳೇಶ ಹೆಂಡತಿಗೆ ಹೇಳಿದ. "ಸುರು ನಂದs."

ಭೀಮಮ್ಮ ಬಾಗಿಲ ಚೌಕಟ್ಟನ್ನು ಹಿಡಿದು ನಿಂತೇ ಇದ್ದಳು. "ನಂಗ ಗೊತ್ತಿತ್ರಿ," ಎಂದಳು ಆಮೇಲೆ. "ಆವತ್ತs ಗೊತ್ತಿತ್ತು. ನೀವು ಹೇಳ್ತೀರೋ ಇಲ್ಲೋ ಅಂತ ನೋಡ್ತಿದ್ದೆ. ನೀವು ಬರ್ದು ಕೊಟ್ಟಿದ್ದಕ್ಕ ಕೆಲಸ ಉಳೀತು, ಅದೂ ಗೊತ್ತೈತಿ. ಆದ್ರ ನಿಮ್ಮನ್ನ ನೋಡಿದ್ರ ನನಗ ಆ ಬುಧವಾರನs ಕಣ್ಮುಂದ ಬರ್ತೈತಿ. ಇನ್ನ ಬರಬ್ಯಾಡ್ರಿ ಅಮ್ಮಾರ."

"ಲೇ," ಎಂದ ಓಬಳೇಶ.

"ಇರಲಿ," ಎಂದಳು ಮರುಳಸಿದ್ದಮ್ಮ. "ಬರೋದಿಲ್ಲ, ಭೀಮಮ್ಮ."

ಎದ್ದಳು. ಓಬಳೇಶ ಊರುಗೋಲು ಹಿಡಿದು ಏಳಲು ಹೋದ. ಬೇಡವೆಂದು ಕೈ ಮಾಡಿದಳು; ಅವನು ಕೇಳಲಿಲ್ಲ, ಎದ್ದು ಕಟ್ಟೆಯ ತುದಿಯವರೆಗೆ ಬಂದು ನಿಂತ. ಕಾಗದವನ್ನು ಅವನಿಗೇ ಕೊಟ್ಟಳು. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅವನದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡ.

ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ರಸ್ತೆಯ ಪಕ್ಕದಲ್ಲಿ ನಿಂತಳು. ಅದಿರಿನ ಲಾರಿಗಳು ಒಂದರ ಹಿಂದೊಂದು ಇಳಿದು ಬರುತ್ತಿದ್ದವು. ಮುಖಕ್ಕೆ ಸೆರಗು ಅಡ್ಡ ಹಿಡಿದಳು. ಸೆರಗಿನ ಹಿಂದೆ ಅವಳಿಗೆ ಅಳು ಬರಲಿಲ್ಲ. ಬೀದರಿಗೆ ಹೋಗುವ ಮುಂಚೆ ಯಾವ ಯಾವ ಪುಸ್ತಕ ಕಟ್ಟಬೇಕೆಂದು ಎಣಿಸಲು ನೋಡಿದಳು. ಎರಡರ ಮೇಲೆ ಎಣಿಕೆ ಮುಂದೆ ಹೋಗಲಿಲ್ಲ.